ಪ್ರತಿಭೆಯ ಪರೀಕ್ಷೆಯೂ ಎರಡು ನುಡಿಗಳೂ
(ಚಿಕ್ಕೋಡಿಯಲ್ಲಿ ಶಿಕ್ಷಕರ ಮುಂದೆ ಮಾಡಿದ ಭಾಷಣ)



ನಮ್ಮ ತಾಲೂಕಿನ ಕೋಥಳಿಯಲ್ಲಿರುವ ಜವಾಹರ ನವೋದಯ ವಿದ್ಯಾಲಯವನ್ನು ತಾವೆಲ್ಲರೂ ಬಲ್ಲಿರಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಇಂಥ ಶಾಲೆಗಳ ಉದ್ದೇಶವು, ಹಳ್ಳಿಯ ಪ್ರತಿಭಾವಂತ ಮಕ್ಕಳನ್ನು ಆರಿಸಿ, ಊಟ ವಸತಿಗಳನ್ನಿತ್ತು ಓದಿಸುವುದು. ಆರನೆಯ ಇಯತ್ತೆಯ ಪ್ರವೇಶಕ್ಕೆ 100 ಅಂಕಗಳ ಪರೀಕ್ಷೆಯುಂಟು: ಬುದ್ಧಿಶಕ್ತಿಗೆ 50, ಗಣಿತಕ್ಕೆ 25, ಭಾಷೆಗೆ 25. ಪ್ರಶ್ನೆಪತ್ರಿಕೆಯಾದರೋ, ಅರ್ಜಿಯಲ್ಲಿ ಆರಿಸಿದ ಒಂದೇ ಭಾಷೆಯಲ್ಲಿ ದೊರೆಯುವುದು.

ಇನ್ನು ನಮ್ಮ ಮಕ್ಕಳನ್ನು ನೋಡಿರಿ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಯೊಡನೆ ಮರಾಠಿಯಾಡುವ ಮಗು ಶಾಲೆಯಲ್ಲಿ ಕನ್ನಡ ಕಲಿಯುತ್ತದೆ. ಕಾಗವಾಡದ ಮಗುವಿಗೆ ಮನೆಯಲ್ಲಿ ಕನ್ನಡ, ಮೀರಜದ ಪೇಟೆಯಲ್ಲಿ ಮರಾಠಿ. ಅಂಗಳದ ಮಾತು ಒಂದರಲ್ಲಿ, ಲೆಕ್ಕದ ಮಾತು ಇನ್ನೊಂದರಲ್ಲಿ. ಎರಡನ್ನೂ ಕೂಡಿಸಿದರೆ ಮಗುವಿನ ಶಬ್ದಸಂಪತ್ತು ತುಂಬಿದ ಕಣಜ. ಒಂದನ್ನೇ ತೂಗಿದರೆ ತೂಕ ಕಡಿಮೆ.

ಈ ತಪ್ಪು ತೂಕ ಹಳೆಯದು. ವೇಲ್ಸ್ ನಾಡಿನ ಹಳ್ಳಿಗಳ ದ್ವಿಭಾಷಿ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಹಿಂದುಳಿದರೆಂದು 1923ರಲ್ಲಿ ಸೇಯರ್ ಎಂಬವರು ಬರೆದರು. 1962ರಲ್ಲಿ ಕೆನಡಾದ ಮಾಂಟ್ರಿಯಲಿನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಇವರು ಮನೆತನದ ಸ್ಥಿತಿಗತಿಯನ್ನು ಸರಿದೂಗಿಸಿ ಪರೀಕ್ಷಿಸಲು, ದ್ವಿಭಾಷಿಗಳೇ ಮುಂದಾದರು. ಪರಂತು ಅವರು ಆರಿಸಿದ್ದು ಎರಡೂ ಭಾಷೆಗಳನ್ನು ಚೆನ್ನಾಗಿ ಬಲ್ಲವರನ್ನೇ. ಆದುದರಿಂದ ಎರಡು ನುಡಿ ದೋಷವೂ ಅಲ್ಲ, ಪ್ರತಿಭೆಗೆ ಪ್ರಮಾಣವೂ ಅಲ್ಲ.

ಹಾಗಾದರೆ ಎರಡು ನುಡಿ ಬಲ್ಲವರಿಗೆ ಹೆಚ್ಚಿನ ಅಂಕ ಕೊಡಬೇಕೇ? ಬೇಡವೆಂದೇ ನನ್ನ ಮತ. ರಾಯಬಾಗ, ಅಥಣಿಗಳ ಹಳ್ಳಿಯಲ್ಲಿ ಕನ್ನಡವೊಂದನ್ನೇ ಕೇಳಿ ಬೆಳೆದ ಮಗುವಿನ ಅಪರಾಧವೇನು? ಅಂಥ ಅಂಕವು ಕಡೆಗೆ ಇಂಗ್ಲಿಷ್ ಶಾಲೆಗೆ ಹಣ ತೆರಬಲ್ಲವರ ಪಾಲಾದೀತು.

ಅಂಕ ಬೇಡ, ನ್ಯಾಯ ಬೇಕು. ಬೇಡಿದ ಮಗುವಿಗೆ ಬುದ್ಧಿಶಕ್ತಿ, ಗಣಿತಗಳ ಪ್ರಶ್ನೆಗಳನ್ನು ಕನ್ನಡ ಮರಾಠಿಗಳೆರಡರಲ್ಲಿಯೂ ಅಚ್ಚುಮಾಡಿ ಕೊಡಲಿ. ಭಾಷೆಯ 25 ಅಂಕಗಳಿಗೆ ಮಗು ತನಗೆ ಗಟ್ಟಿಯಾದ ನುಡಿಯನ್ನು ಬೇರೆಯಾಗಿ ಆರಿಸಿಕೊಳ್ಳಲಿ. ಅದುವರೆಗಿನ ಹೊಣೆ ತಮ್ಮದು. ಅರ್ಜಿ ತುಂಬುವ ಮುನ್ನ ಮಗುವಿಗೆ ಎರಡು ನುಡಿಗಳಲ್ಲಿಯೂ ಒಂದು ಪಾಠ ಓದಿಸಿರಿ, ಒಂದು ಲೆಕ್ಕ ಬಿಡಿಸಲು ಹೇಳಿರಿ. ಅನಂತರವೇ ಭಾಷೆಯ ಹೆಸರನ್ನು ಬರೆಯಿರಿ.

ಇದರಿಂದ ಕನ್ನಡಕ್ಕೆ ಹಾನಿಯೆಂದು ಅಂಜುವವರುಂಟು. ಮಹನೀಯರೆ, ಗಡಿಯಾಚೆ ಜತ್ತ, ಅಕ್ಕಲಕೋಟೆಗಳಲ್ಲಿಯೂ ಕನ್ನಡ ಶಾಲೆಯ ಮಕ್ಕಳಿದ್ದಾರೆ. ಇಲ್ಲಿ ಮರಾಠಿ ಮನೆಯ ಮಗುವಿಗೆ ನ್ಯಾಯ ಕೊಟ್ಟವನೇ, ಅಲ್ಲಿ ಕನ್ನಡ ಮನೆಯ ಮಗುವಿಗೆ ತಲೆಯೆತ್ತಿ ನ್ಯಾಯ ಕೇಳಬಲ್ಲನು.