ಲೂಕನ್‌ನಲ್ಲಿ ಬಾಡಿಗೆಮನೆ: ಕೇಳುವ ದರ, ಕೊಡುವ ದರ



ಸಾಹಿತ್ಯದ ಉಪನ್ಯಾಸವನ್ನು ನಿರೀಕ್ಷಿಸಿ ಬಂದವರು ಕ್ಷಮಿಸಬೇಕು. ಡಬ್ಲಿನ್‌ಗೆ ಹೊಸದಾಗಿ ಬಂದಿಳಿಯುವ ನಮ್ಮವರು ಮೊದಲು ಕೇಳುವುದು, “ಲೂಕನ್‌ನಲ್ಲಿ ಎರಡು ಮಲಗುವ ಕೋಣೆಗಳ ಅಪಾರ್ಟ್‌ಮೆಂಟಿಗೆ ಬಾಡಿಗೆ ಎಷ್ಟು?” ಎಂದು. ಈ ಪ್ರಶ್ನೆಗೆ ಪ್ರಾಮಾಣಿಕವಾದ ಮೂರು ಉತ್ತರಗಳಿವೆ.

ಒಂದು, ಡಾಫ್ಟ್ ಜಾಹೀರಾತಿನಲ್ಲಿ ಕಾಣುವ ದರ. ಅದು ಮನೆಯೊಡೆಯರ ಅಪೇಕ್ಷೆ. ಇನ್ನೊಂದು, ವಸತಿ ಬಾಡಿಗೆ ಮಂಡಳಿಯು, ಎಂದರೆ ಆರ್‌ಟಿಬಿಯು, ತನ್ನಲ್ಲಿ ನೋಂದಣಿಯಾದ ಬಾಡಿಗೆಗಳಿಂದ ಲೆಕ್ಕಹಾಕಿ ಪ್ರಕಟಿಸುವ ಸರಾಸರಿ. ಮತ್ತೊಂದು, ಹಲವು ವರ್ಷಗಳಿಂದ ಒಂದೇ ಮನೆಯಲ್ಲಿರುವ ನಮ್ಮ ಸ್ನೇಹಿತರು ಹೇಳುವ ದರ. ಇದು ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ. ಆದ್ದರಿಂದಲೇ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವಂಥದು. 2016ರ ಡಿಸೆಂಬರಿನಲ್ಲಿ ಡಬ್ಲಿನ್ನಿನ ಬಾಡಿಗೆ ಏರಿಕೆಗೆ ವರ್ಷಕ್ಕೆ ಶೇಕಡಾ 4ರ ಮಿತಿ ಬಂದಿತು. 2021ರ ಡಿಸೆಂಬರಿನಲ್ಲಿ ಅದು ಶೇಕಡಾ 2 ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅದು, ಎಂದಾಯಿತು. 2025ರ ಜೂನ್ 20ರಂದು ನಿಯಂತ್ರಣವು ಇಡೀ ದೇಶಕ್ಕೆ ವಿಸ್ತರಿಸಿತು. ಈ ಆಶ್ರಯ ಹೆಚ್ಚಾಗಿ ದೊರೆತಿರುವುದು ಈಗಾಗಲೇ ಮನೆಯೊಳಗಿರುವವರಿಗೆ. ಆದುದರಿಂದ ಮಂಡಳಿಯ ಅಂಕಿಗಳಲ್ಲಿಯೂ ಹೊಸ ಬಾಡಿಗೆಯ ಸಾಲನ್ನೇ ನೋಡಬೇಕು, ಹಳೆಯ ಬಾಡಿಗೆಯದನ್ನಲ್ಲ.

ಇನ್ನು ಮನೆ ಮನೆಗಳ ಹೋಲಿಕೆ. ಒಂದು ಮನೆಗೆ 2000 ಯೂರೋ, ಇನ್ನೊಂದಕ್ಕೆ 1850 ಎಂದಿಟ್ಟುಕೊಳ್ಳಿ. ಎರಡನೆಯದು ಅಗ್ಗವೆಂದು ಹೇಳಲು ನಾನು ಅವಸರಪಡುವುದಿಲ್ಲ. ಜಾಹೀರಾತಿನಲ್ಲಿ ಬಿಇಆರ್ ಎಂಬ ಅಕ್ಷರವಿರುತ್ತದೆ. ಎ1ರಿಂದ ಜಿ ವರೆಗೆ, ಆ ಮನೆಯನ್ನು ಬೆಚ್ಚಗಿಡಲು ಎಷ್ಟು ಇಂಧನ ಬೇಕೆಂಬುದರ ಸೂಚನೆ. ನಮ್ಮವರು ಅದನ್ನು ಓದುವುದೇ ಇಲ್ಲ; ಜನವರಿಯ ಬಿಲ್ಲು ಓದಿಸುತ್ತದೆ. ಎರಡನೆಯ ಸಂಗತಿ ಸಂಚಾರ. ಲೂಕನ್ನಿನ ಪಶ್ಚಿಮಕ್ಕಿರುವ ಆಡಮ್ಸ್‌ಟೌನ್‌ಗೆ 2007ರಲ್ಲಿ ರೈಲುನಿಲ್ದಾಣ ಬಂದಿತು. ಟಾಲಾಗೆ 2004ರಿಂದ ಲುವಾಸ್ ಇದೆ. ಇವುಗಳಿಂದ ದೂರವಿರುವ ಅಗ್ಗದ ಮನೆಗೆ ಎರಡನೆಯ ಕಾರು ಬೇಕಾದರೆ, ಆ 150 ಯೂರೋ ವಿಮೆಯಲ್ಲಿಯೂ ಪೆಟ್ರೋಲಿನಲ್ಲಿಯೂ ಕರಗುತ್ತದೆ.

ನಮ್ಮ ನಿಜವಾದ ಅಪಾಯ ಬೇರೆಡೆ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರಿಗೆ ಇಲ್ಲಿ ಮೂರು ತಿಂಗಳದು ಕೇಳಿದರೆ ಅಚ್ಚರಿಯಾಗುವುದಿಲ್ಲ. ಆಗಬೇಕು. 2021ರ ಆಗಸ್ಟ್‌ನಿಂದ ಸಾಮಾನ್ಯ ಬಾಡಿಗೆದಾರರಿಂದ ಒಂದು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ಬಾಡಿಗೆ, ಇಷ್ಟನ್ನೇ ಪಡೆಯಲು ಕಾನೂನಿನ ಅನುಮತಿ. ಅದಕ್ಕಿಂತ ಹೆಚ್ಚು ಕೇಳುವವರು ಒಂದೋ ಕಾನೂನು ಅರಿಯದವರು, ಇಲ್ಲವೇ ಅರಿತೂ ಕೇಳುವವರು. ಮನೆಯನ್ನು ತೋರಿಸದೆ, ತಾವು ಪರದೇಶದಲ್ಲಿರುವುದಾಗಿ ಹೇಳಿ, ಕೀಲಿಕೈಯನ್ನು ಅಂಚೆಯಲ್ಲಿ ಕಳುಹಿಸುವೆವೆಂಬವರಂತೂ ಮನೆಯೊಡೆಯರೇ ಅಲ್ಲವೆಂದು ತಿಳಿಯಿರಿ. ಊರಿನಲ್ಲಿ ಕುಳಿತೇ ಹಣ ಕಳುಹಿಸಬೇಡಿ. ಇಲ್ಲಿರುವ ನಮ್ಮಲ್ಲೊಬ್ಬರಿಗೆ ಫೋನ್ ಮಾಡಿರಿ, ಹೋಗಿ ಬಾಗಿಲು ತಟ್ಟಿ ನೋಡಿ ಬರುತ್ತೇವೆ.

ಕೊಟ್ಟ ಬಾಡಿಗೆಯ ದಾಖಲೆಗಳನ್ನು ಜೋಪಾನವಾಗಿಡಿ. 2024ರ ವರ್ಷದಿಂದ ಬಾಡಿಗೆಗೆ ದೊರೆಯುವ ತೆರಿಗೆ ರಿಯಾಯಿತಿ ಒಬ್ಬರಿಗೆ ಗರಿಷ್ಠ 1000 ಯೂರೋ, ಒಟ್ಟಿಗೆ ತೆರಿಗೆ ಸಲ್ಲಿಸುವ ದಂಪತಿಗಳಿಗೆ 2000. ಅದು ತಾನಾಗಿ ಬರುವುದಿಲ್ಲ. ಕಂದಾಯ ಇಲಾಖೆಗೆ ನೀವೇ ಅರ್ಜಿ ಸಲ್ಲಿಸಬೇಕು.