ಕೇರಿಯ ಮಕ್ಕಳಿಗೊಂದು ಓದಿನ ಕೂಟ
(ಕೇರಿಯ ಸಭೆಯಲ್ಲಿ ಆಡಿದ ಮಾತು)



ನಾನು ಓದಿದ ಹೈಸ್ಕೂಲಲ್ಲಿ ಒಂದು ಗಾಜಿನ ಬೀರು ಇತ್ತು. ಒಳಗೆ ಪುಸ್ತಕ, ಹೊರಗೆ ಬೀಗ. ಒಂದಿನ ಧೈರ್ಯ ಮಾಡಿ ಕೇಳಿದೆ. 'ನಿಮ್ಮ ಕೈಗೆ ಕೊಟ್ರೆ ಕೊಳೆ ಆಗ್ತದೆ' ಅಂದ್ರು ಮೇಷ್ಟ್ರು. ಮನೆಗೆ ಬಂದು ಕೈ ತೊಳ್ಕೊಂಡೆ. ಅವರು ಹೇಳಿದ ಕೊಳೆ ಯಾವುದು ಅಂತ ತಿಳಿಯೋಕೆ ಬಿ.ಎ.ವರೆಗೂ ಓದಬೇಕಾಯ್ತು.

ಕೂಟದ ಮಾತು ಎತ್ತಿದಾಗ ಒಬ್ಬ ಅಣ್ಣ ಕೇಳಿದ್ರು: 'ಪಾಠ ಹೇಳ್ಕೊಡಪ್ಪ, ಪಾಸಾಗ್ಲಿ. ಕತೆ ಪುಸ್ತಕ ಯಾಕೆ?' ಕೂಲಿ ಮಾಡಿ ಮಕ್ಕಳನ್ನ ಓದಿಸೋರು ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಬಾಬಾಸಾಹೇಬರ ಒಂದು ಸಂಗತಿ ಹೇಳ್ತೀನಿ.

ಅವರು ಹುಡುಗರಾಗಿದ್ದಾಗ ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದರು. ಜನ ಸಭೆ ಮಾಡ್ತೀವಿ ಅಂದ್ರು; ಹುಡುಗನ ತಲೆ ತಿರುಗೀತು, ಬೇಡ ಅಂದ್ರು ತಂದೆ. ಹೇಗೋ ಒಪ್ಪಿಸಿದರು. ಆ ಸಭೆಯಲ್ಲಿ ದಾದಾ ಕೆಳುಸ್ಕರ್ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿಟ್ಟರು. ಪರೀಕ್ಷೆಗೆ ಬರೋ ಪುಸ್ತಕ ಅಲ್ಲ ಅದು. ಓದಿದ ಮೇಲೆ ಹುಡುಗ ತಂದೆಯನ್ನೇ ಕೇಳಿದ: ಮೇಲಿನವರನ್ನು ಹೊಗಳಿ ನಮ್ಮನ್ನು ಕೀಳು ಮಾಡೋ ಮಹಾಭಾರತ, ರಾಮಾಯಣ ನಮ್ಮ ಕೈಲಿ ಯಾಕೆ ಓದಿಸ್ತೀರಿ? ಸಮಾಧಾನದ ಉತ್ತರ ಸಿಗಲಿಲ್ಲ. 'ಬುದ್ಧ ಮತ್ತು ಅವನ ಧಮ್ಮ'ಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಇದನ್ನೆಲ್ಲ ಅವರೇ ಹೇಳಿದ್ದಾರೆ. ಅದೇ ವರ್ಷ ಅಕ್ಟೋಬರ್ 14ರಂದು ನಾಗಪುರದಲ್ಲಿ ಏನಾಯ್ತು ಅಂತ ನಿಮಗೆ ಗೊತ್ತು.

ಅದಕ್ಕೇ ನಮ್ಮ ಕೂಟದಲ್ಲಿ ಓದೋದರ ಜೊತೆಗೆ ಕೇಳೋದೂ ಇರಬೇಕು. 'ಈ ಕತೇಲಿ ರಾಜನ ಕೊಟ್ಟಿಗೆ ಬಾಚೋರು ಯಾರು?' ಅಂತ ಮಗು ಕೇಳಿದ್ರೆ 'ಸುಮ್ನಿರು' ಅನ್ನಬೇಡಿ. ಪುಸ್ತಕ ಹರಿದರೆ ಹೊಡೀಬೇಡಿ, ಅಂಟು ಹಾಕೋಣ. ತಮ್ಮನ್ನ ಸೊಂಟಕ್ಕೆ ಏರಿಸ್ಕೊಂಡೇ ಇರೋ ಹೆಣ್ಣುಮಕ್ಕಳು ಹಾಗೇ ಬರಲಿ.

ಇನ್ನು ಪಂಚಾಯ್ತಿ ಲೈಬ್ರರಿ. 2020ರಲ್ಲಿ 'ಓದುವ ಬೆಳಕು' ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಅಂತ ಸರ್ಕಾರ ಹೇಳಿತು. ಆದರೆ ನಮ್ಮೂರ ಲೈಬ್ರರಿ ಇರೋದು ದೇವಸ್ಥಾನದ ಬೀದೀಲಿ. ನಮ್ಮ ಮಕ್ಕಳು ಬಾಗಿಲ ತನಕ ಹೋಗಿ ವಾಪಸ್ ಬರ್ತವೆ. ಯಾರೂ ತಡೆದಿಲ್ಲ ಅಂತಾರೆ. ಯಾರೂ ಬಾ ಅಂದೂ ಇಲ್ಲ. ತಿಂಗಳಿಗೊಂದು ಸಲ ಎಲ್ಲಾ ಮಕ್ಕಳೂ ಒಟ್ಟಿಗೆ ಹೋಗಲಿ. ದೊಡ್ಡವರೂ ನಾಕು ಜನ ಹಿಂದೆ ಬನ್ನಿ, ಸುಮ್ಮನೆ ಕೂತಿದ್ರೆ ಸಾಕು.

ಬರೋ ಭಾನುವಾರ ಹತ್ತು ಗಂಟೆಗೆ, ಭವನದ ಜಗಲೀಲಿ. ನನ್ನ ಟ್ರಂಕಲ್ಲಿ 32 ಪುಸ್ತಕ ಇವೆ. ಚಾಪೆ ಇಲ್ಲ, ಯಾರಾದ್ರೂ ತನ್ನಿ.

ಜೈ ಭೀಮ್.