ಚೆನ್ನೈನಲ್ಲಿ ಹಳೇ ಸ್ಪೋರ್ಟ್ಸ್ ಕಾರಾ? ಮೊದಲು ಸೀಟ್ ಬೆಲ್ಟ್ ಎಳೀರಿ

ತಿರುವೊಟ್ಟಿಯೂರಿನಲ್ಲಿ ಮೊದಲ ಸಲ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ನೋಡೋಕೆ ಹೊರಟಿದ್ದೀರಾ? ಪೇಂಟ್ ಹೊಳಪು, ಎಂಜಿನ್ ಸದ್ದು ಎಲ್ಲಾ ಆಮೇಲೆ. ಕಾರು ನೀರಲ್ಲಿ ನಿಂತಿತ್ತಾ, ಅದನ್ನ ಮೊದಲು ನೋಡಿ. 2015ರಲ್ಲೂ, 2023ರ ಮಿಚಾಂಗ್ ಚಂಡಮಾರುತದಲ್ಲೂ ಡಿಸೆಂಬರಿನಲ್ಲೇ ಚೆನ್ನೈ ಮುಳುಗಿತ್ತು. ಸ್ಪೋರ್ಟ್ಸ್ ಕಾರು ನೆಲಕ್ಕೆ ತಗ್ಗು; ಮೊಣಕಾಲುದ್ದ ನೀರು ನಿಂತ್ರೆ ಸಾಕು, ಒಳಗೆ ನುಗ್ಗುತ್ತೆ.

ಸೀಟ್ ಬೆಲ್ಟ್ ಪೂರ್ತಿ ಎಳೀರಿ, ಕೊನೇಲಿ ಕೆಸರಿನ ಕಲೆ ಇದ್ಯಾ? ಕಾರ್ಪೆಟ್ ಎತ್ತಿ, ಸೀಟಿನ ಬೋಲ್ಟ್ ತುಕ್ಕು ಹಿಡಿದಿದ್ಯಾ ನೋಡಿ. ಸಮುದ್ರ ಪಕ್ಕದಲ್ಲೇ ಇದೆ. ಉಪ್ಪುಗಾಳಿ ಕಾರಿನ ತಳಾನ ತಿನ್ನುತ್ತೆ. ಲಿಫ್ಟ್ ಮೇಲೆ ಏರಿಸಿ ನೋಡಿ.

ಮುಂದೆ ಬೆಂಗಳೂರಿಗೆ ಒಯ್ಯೋದಾದ್ರೆ ಎನ್‌ಒಸಿ ಬೇಕು. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸನ್ನೂ ಲೆಕ್ಕಕ್ಕೆ ಸೇರಿಸಿ.

ಮಾರೋರು ಇದಕ್ಕೆಲ್ಲ ಒಪ್ಪದಿದ್ರೆ ಕೈ ಮುಗಿದು ಬನ್ನಿ. ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮ ಮಾತಿಗೆ ಬಲ ಇರಲ್ಲ.